ಗ್ಯಾಪ್ ಇಲ್ಲದೆ ಪಿಲ್ ತಗೊಂಡು ಮುಟ್ಟು ನಿಲ್ಲಿಸಿಕೊಂಡವರು ಯಾರಾದರೂ ಇದ್ದೀರಾ?

ಮೊಗ್ಗಿನಜಡೆ (ಬೆಂಗಳೂರು)

ನನಗೆ 29, ಮದುವೆ ಆಗಿಲ್ಲ. ಹೈಸ್ಕೂಲಿನಿಂದಲೂ ಮುಟ್ಟಿನ ಮೊದಲೆರಡು ದಿನ ನೆಲ ಹಿಡಿಯುತ್ತೇನೆ. ವಾಂತಿ, ಬೆವರು, ಸೊಂಟದಿಂದ ಮೊಣಕಾಲಿನವರೆಗೆ ಸೆಳೆತ. ಎಲ್ಲರಿಗೂ ಇರೋದೇ ಅಂತ ಎಲ್ಲರೂ ಹೇಳಿದರು, ನಾನೂ ಹಾಗೇ ಅಂದುಕೊಂಡಿದ್ದೆ. ಈ ವರ್ಷ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೂ ಬೆಳೆಯೋ ಕಾಯಿಲೆ) ಅಂತ ಗೊತ್ತಾಯಿತು.

ಡಾಕ್ಟರ್ ಪಿಲ್, ಅಂದರೆ ಗರ್ಭನಿರೋಧಕ ಮಾತ್ರೆಯ, 21ರ ಸ್ಟ್ರಿಪ್ ಬರೆದುಕೊಟ್ಟರು. ಒಂದು ಮುಗಿದ ಮರುದಿನವೇ ಇನ್ನೊಂದು ಶುರು ಮಾಡಿ, ನಡುವೆ ಏಳು ದಿನ ಬಿಡೋದು ಬೇಡ ಅಂದರು. ಹಾಗಾದರೆ ಮುಟ್ಟು ಬರಲ್ವಾ ಅಂತ ಕೇಳಿದೆ. "ಬರದೇ ಇರಲಿ ಅಂತಲೇ ಅಲ್ವಾ ಕೊಡ್ತಿರೋದು" ಅಂದು ಮುಂದಿನ ಪೇಷಂಟ್ ಹೆಸರು ಕೂಗಿದರು. ಅಷ್ಟೇ ಕೌನ್ಸೆಲಿಂಗ್!

ಊರಿಗೆ ಫೋನ್ ಮಾಡಿದರೆ ಅಮ್ಮನದು ಇನ್ನೊಂದು. ಹೋಗಬೇಕಾದ್ದು ತಿಂಗಳು ತಿಂಗಳು ಹೋಗಬೇಕಂತೆ. ಕೆಟ್ಟ ರಕ್ತ ಒಳಗೇ ನಿಂತರೆ ಗಂಟಾಗುತ್ತಂತೆ, ಮುಂದೆ ಮಕ್ಕಳಾಗಲ್ಲವಂತೆ. ಮದುವೆಗೆ ಮೊದಲೇ "ಆ ಮಾತ್ರೆ" ತಗೊಂಡೆ ಅಂತ ಗೊತ್ತಾದರೆ ಜನ ಏನಂತಾರೆ ಅನ್ನೋದು ಬೇರೆ. ಸ್ಟ್ರಿಪ್ ತಂದು ಬ್ಯಾಗಿನಲ್ಲೇ ಇಟ್ಟಿದ್ದೇನೆ. ತಗೊಂಡವರು ಇದ್ದರೆ ಹೇಳಿ.

ಕಾಫಿಸೀಮೆ (ಮೂಡಿಗೆರೆ)

ಹಾರ್ಮೋನ್ ಜೊತೆ ಸುಮ್ನೆ ಆಟ ಆಡಬೇಡಿ. ದೇಹ ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದಿರೋದನ್ನ ಒಂದು ಮಾತ್ರೆ ಹಾಕಿ ಬಂದ್ ಮಾಡೋದು ಅಂದರೆ ಏನು? ಎಳ್ಳು-ಬೆಲ್ಲ ತಿನ್ನಿ, ನಡೆದಾಡಿ, ಒಂದು ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳಿ. ನನ್ನ ಅಭಿಪ್ರಾಯ ಅಷ್ಟೇ.

ಹೆರಿಗೆವಾರ್ಡ್ (ಮೈಸೂರು)

ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಬರೆಯೋದು ಮಾಹಿತಿ ಮಾತ್ರ. ನಿಮ್ಮನ್ನು ನೋಡಿದ ಡಾಕ್ಟರ್ ಹೇಳಿದ್ದೇ ಅಂತಿಮ.

ಕೆಟ್ಟ ರಕ್ತ ಅಂತ ಒಂದಿಲ್ಲ. ಮಾಮೂಲಿ ತಿಂಗಳಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಇಳಿಯುತ್ತದೆ, ಆ ಪದರ ಕಳಚಿ ರಕ್ತದ ಜೊತೆ ಹೋಗುತ್ತದೆ. ಪಿಲ್ ತಗೊಂಡಾಗ ಅಂಡ ಬಿಡುಗಡೆಯೇ ಆಗಲ್ಲ. ಅದರಲ್ಲಿರುವ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರದ್ದೇ ಔಷಧಿ) ಒಳಪದರವನ್ನು ತೆಳ್ಳಗೇ ಇಡುತ್ತದೆ. ಬಿತ್ತದ ಹೊಲದಲ್ಲಿ ಕೊಯ್ಯೋದೇನು? ಒಳಗೆ ಏನೂ ಶೇಖರ ಆಗಲ್ಲ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. 21 ಮಾತ್ರೆ ನುಂಗಿ ಏಳು ದಿನ ಬಿಟ್ಟಾಗ ಬರೋದು ನಿಜವಾದ ಮುಟ್ಟಲ್ಲ. ಮಾತ್ರೆಯ ಹಾರ್ಮೋನ್ ಇದ್ದಕ್ಕಿದ್ದಂತೆ ನಿಂತಿದ್ದಕ್ಕೆ ಬರುವ ರಕ್ತಸ್ರಾವ ಅದು. ಅಮೆರಿಕದಲ್ಲಿ ಗ್ರೆಗರಿ ಪಿಂಕಸ್, ಜಾನ್ ರಾಕ್ ಅವರೆಲ್ಲ 1950ರ ದಶಕದಲ್ಲಿ ಮೊದಲ ಪಿಲ್ ಮೇಲೆ ಕೆಲಸ ಮಾಡುವಾಗಲೇ ಈ ಬಿಡುವು ಇಟ್ಟರು. ತಿಂಗಳಿಗೊಮ್ಮೆ ರಕ್ತ ಕಂಡರೆ ಹೆಂಗಸರಿಗೆ ಗರ್ಭ ನಿಂತಿಲ್ಲ ಅನ್ನೋ ಧೈರ್ಯ, ನೋಡೋರಿಗೂ ಎಲ್ಲ ಸಹಜ ಅನ್ನಿಸುತ್ತದೆ. ರಾಕ್ ಶ್ರದ್ಧೆಯ ಕ್ಯಾಥೊಲಿಕ್. ಸಹಜ ಚಕ್ರದಂತೆಯೇ ನಡೆಯುವ ಮಾತ್ರೆ ಅಂದರೆ ಚರ್ಚ್ ಒಪ್ಪುತ್ತದೆ ಅಂತ ಅವರಿಗೆ ಆಸೆ ಇತ್ತು. 1968ರಲ್ಲಿ ಪೋಪ್ ಸಾಫ್ ಆಗಿ ಬೇಡ ಅಂದರು. ಚರ್ಚ್ ಒಪ್ಪಲಿಲ್ಲ, ಆದರೆ ಏಳು ದಿನದ ಬಿಡುವು ಹಾಗೇ ಉಳಿದುಕೊಂಡಿತು.

ಬ್ರಿಟನ್ನಿನಲ್ಲಿ ಕುಟುಂಬ ಯೋಜನೆಯ ವೈದ್ಯರ ಸಂಸ್ಥೆ ಎಫ್‌ಎಸ್‌ಆರ್‌ಎಚ್ 2019ರ ಜನವರಿಯಲ್ಲಿ ತನ್ನ ಮಾರ್ಗಸೂಚಿಯಲ್ಲೇ ಬರೆಯಿತು. ಆ ಏಳು ದಿನದ ಬಿಡುವಿನಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ ಅಂತ. ಎಂಡೋಮೆಟ್ರಿಯೋಸಿಸ್ ಇರೋರಿಗಂತೂ ಬಿಡುವು ಕೊಟ್ಟಾಗಲೇ ನೋವು ವಾಪಸ್ ಬರೋದು. ನಿಮ್ಮ ಡಾಕ್ಟರ್ ಹೇಳಿದ್ದು ಸರಿ ಇದೆ. ಕೂರಿಸಿ ಹೇಳಬೇಕಿತ್ತು, ಅಷ್ಟೇ.

ಮಕ್ಕಳ ವಿಷಯ: ಪಿಲ್ ಬಿಟ್ಟ ಮೇಲೆ ಹೆಚ್ಚಿನವರಿಗೆ ಒಂದೆರಡು ತಿಂಗಳಲ್ಲಿ ಚಕ್ರ ಮರಳುತ್ತದೆ. ಬಂಜೆತನ ಬರಲ್ಲ. ಎಂಡೋಮೆಟ್ರಿಯೋಸಿಸ್‌ಗೆ ಏನೂ ಮಾಡದೆ ಬಿಟ್ಟರೇ ಗರ್ಭ ನಿಲ್ಲೋದು ಕಷ್ಟ ಆಗಬಹುದು.

ತುಂಗೆಮಗಳು (ಶಿವಮೊಗ್ಗ)

ಡಾಕ್ಟ್ರೇ, ಹಾಗಾದರೆ ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇರೋ ನನಗೆ ನಾಲ್ಕು ತಿಂಗಳು ಮುಟ್ಟು ಬರದಿದ್ದಾಗ ಇಲ್ಲಿನ ಡಾಕ್ಟರ್ ಯಾಕೆ ಗಾಬರಿ ಬಿದ್ದರು? ಅದೂ ಬರದೇ ಇರೋದೇ ಅಲ್ವಾ?

ಹೆರಿಗೆವಾರ್ಡ್

ಒಳ್ಳೆ ಪ್ರಶ್ನೆ. ಅಮ್ಮಂದಿರ ಭಯಕ್ಕೆ ಬುಡವೇ ಇಲ್ಲ ಅಂತಲ್ಲ. ಬುಡ ಇರೋದು ಇಲ್ಲಿ. ಪಿಸಿಓಡಿಯಲ್ಲಿ ಅಂಡ ಬಿಡುಗಡೆ ಆಗದೆ ಈಸ್ಟ್ರೋಜನ್ ಒಂದೇ ಕೆಲಸ ಮಾಡುತ್ತಿರುತ್ತದೆ. ಒಳಪದರ ದಪ್ಪ ಆಗುತ್ತಲೇ ಹೋಗುತ್ತದೆ, ಕಳಚಲ್ಲ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪದರದಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಅದಕ್ಕೇ ಮಾತ್ರೆ ಕೊಟ್ಟು ಕಳಚಿಸುತ್ತೇವೆ, ಇಲ್ಲಾ ಪಿಲ್ ಕೊಟ್ಟು ತೆಳ್ಳಗಿಡುತ್ತೇವೆ. ಪಿಲ್ ಮೇಲೆ ಇರುವವರಿಗೆ ಮುಟ್ಟು ಬರದಿದ್ದರೆ ಪದರ ತೆಳ್ಳಗಿದೆ ಅಂತ ಅರ್ಥ. ಪಿಲ್ ಇಲ್ಲದೆ ಮೂರು ತಿಂಗಳು ಬರದಿದ್ದರೆ ತೋರಿಸಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಎಡಿಸನ್‌ಕನ್ನಡತಿ (ನ್ಯೂಜೆರ್ಸಿ)

ನಾನು ಇಲ್ಲಿ ವರ್ಷಗಳಿಂದ ಹೀಗೇ ತಗೊಳ್ಳುತ್ತಿದ್ದೇನೆ. ಇಲ್ಲಿ 2003ರಲ್ಲೇ ಸೀಸನೇಲ್ ಅಂತ ಬಂತು. 84 ದಿನ ಹಾರ್ಮೋನ್ ಮಾತ್ರೆ, ಆಮೇಲೆ ಏಳು ದಿನ ಸುಮ್ನೆ ಬಿಳಿ ಮಾತ್ರೆ. ವರ್ಷಕ್ಕೆ ನಾಲ್ಕೇ ಸಲ. 2007ರಲ್ಲಿ ಲಿಬ್ರೆಲ್ ಅಂತ 365 ದಿನವೂ ತಗೊಳ್ಳೋದು ಬಂತು. ಇದೇನು ಅಮೆರಿಕದ ಹೊಸ ಫ್ಯಾಶನ್ ಅಂದುಕೊಳ್ಳಬೇಡಿ. ಎಡಿನ್‌ಬರೋದಲ್ಲಿ 1970ರ ದಶಕದಲ್ಲೇ ಮೂರು ತಿಂಗಳಿಗೊಮ್ಮೆ ಬಿಡುವು ಕೊಟ್ಟು ನೋಡಿದ್ದರು. 1977ರಲ್ಲಿ ಅದರ ವರದಿಯೂ ಬಂತು.

ಆದರೆ ಜಾಹೀರಾತಿನಲ್ಲಿ ಬಿಳಿ ಪ್ಯಾಂಟ್ ಹಾಕಿಕೊಂಡು ಕುಣಿಯೋ ಹಾಗೆ ಇರಲ್ಲ. ಮೊದಲ ಕೆಲವು ತಿಂಗಳು ಯಾವಾಗ ಬೇಕಾದರೂ ಕಲೆ ಕಾಣುತ್ತದೆ. ಕಾರಿನ ಡ್ಯಾಶ್‌ಬೋರ್ಡ್, ಆಫೀಸ್ ಡ್ರಾಯರ್, ಮಗುವಿನ ಡೈಪರ್ ಬ್ಯಾಗ್, ಎಲ್ಲ ಕಡೆ ಪ್ಯಾಂಟಿಲೈನರ್ ಇಟ್ಟಿದ್ದೆ. ಕಂದು ಬಣ್ಣದ್ದು, ಸ್ವಲ್ಪವೇ, ಆದರೆ ದಿನಗಟ್ಟಲೆ. ಲಿಬ್ರೆಲ್‌ಗೆ ಒಪ್ಪಿಗೆ ಕೊಟ್ಟಾಗ ಇಲ್ಲಿನ ಔಷಧ ಸಂಸ್ಥೆ ಎಫ್‌ಡಿಎ ಹೇಳಿದ ಲೆಕ್ಕವೇ ನೋಡಿ. ಅಧ್ಯಯನದಲ್ಲಿ ವರ್ಷದ ಕೊನೆಯವರೆಗೆ ಉಳಿದವರಲ್ಲಿ ಕೊನೇ ತಿಂಗಳು ರಕ್ತವೇ ಕಾಣದವರು 59 ಶೇಕಡಾ. ಮಿಕ್ಕವರಿಗೆ ಆಗಲೂ ಅಷ್ಟಿಷ್ಟು ಕಾಣುತ್ತಿತ್ತು. ಪೂರ್ತಿ ನಿಂತೇಬಿಡುತ್ತದೆ ಅಂತ ನಂಬಿ ಶುರು ಮಾಡಿದರೆ ಎರಡನೇ ತಿಂಗಳಿಗೆ ಬೇಜಾರಾಗಿ ಬಿಡುತ್ತೀರಿ.

ಕೋಡಿಹಬ್ಬ (ಕುಂದಾಪುರ)

ಇಷ್ಟೆಲ್ಲ ಚರ್ಚೆ ಯಾಕೆ ಅಂತ ಅರ್ಥ ಆಗಲಿಲ್ಲ. ನಮ್ಮ ಕಡೆ ಎಲ್ಲರೂ ತಗೊಳ್ಳುತ್ತಾರಲ್ಲ. ನಮ್ಮನೆ ನಾಗಮಂಡಲಕ್ಕೆ ಅತ್ತೆಯೇ ಮಾತ್ರೆ ತರಿಸಿ ಕೊಟ್ಟರು. ಮೈದುನನ ಮದುವೆಗೂ ತಗೊಂಡೆ, ಗೃಹಪ್ರವೇಶಕ್ಕೂ ತಗೊಂಡೆ. ಆಗ ಯಾರಿಗೂ ಕೆಟ್ಟ ರಕ್ತದ ನೆನಪು ಬರಲಿಲ್ಲ. ಇದೂ ಅದೇ ಮಾತ್ರೆ ತಾನೇ?

ಮಾತ್ರೆಡಬ್ಬಿ (ದಾವಣಗೆರೆ)

ಅಲ್ಲ ಮೇಡಂ, ಅದೇ ಮಾತ್ರೆ ಅಲ್ಲ. ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ನೀವು ಹೇಳುತ್ತಿರೋದು ನಾರೆಥಿಸ್ಟೆರೋನ್ 5 ಎಂಜಿ, ಪ್ರೊಜೆಸ್ಟಿನ್ ಒಂದೇ ಇರೋ ಮಾತ್ರೆ. ಪ್ರೈಮೋಲ್ಯೂಟ್-ಎನ್, ರೆಜೆಸ್ಟ್ರೋನ್ ಅಂತೆಲ್ಲ ಬರುತ್ತದೆ. ಶ್ರಾವಣ ಬಂತು ಅಂದರೆ ಸಾಕು, ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಸ್ಟಾಕ್ ನಿಲ್ಲಲ್ಲ. ಕೇಳಲು ಬರೋದು ಗಂಡಸರೇ ಜಾಸ್ತಿ. ಕೌಂಟರ್ ಖಾಲಿ ಆಗುವವರೆಗೆ ಆಚೆ ನಿಂತಿದ್ದು, ಆಮೇಲೆ ಹತ್ತಿರ ಬಂದು "ಡೇಟ್ ಮುಂದೆ ಹಾಕೋದು ಕೊಡಿ" ಅಂತಾರೆ. ಯಾರಿಗೆ, ವಯಸ್ಸೆಷ್ಟು, ಬಿಪಿ ಇದೆಯಾ ಅಂತ ಕೇಳಿದರೆ ಮುಖ ಕೆಂಪಗೆ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಚೀಟಿ ಇಲ್ಲದೆ ಕೊಡಬಾರದು. ಎಷ್ಟು ಅಂಗಡಿಯಲ್ಲಿ ಚೀಟಿ ಕೇಳುತ್ತಾರೆ ಅನ್ನೋದು ನಿಮಗೇ ಗೊತ್ತು.

ತಮಾಷೆ ಏನು ಗೊತ್ತಾ? ಇದನ್ನು ಪೇಪರಿನಲ್ಲಿ ಸುತ್ತದೆ ಕೊಟ್ಟರೂ ನಡೆಯುತ್ತದೆ, ಪೂಜೆ ಮಾತ್ರೆ. ಮಾಲಾ-ಡಿ ಅಂತ ಗರ್ಭನಿರೋಧಕ ಪಿಲ್ ಕೇಳಿದವರಿಗೆ ಮಾತ್ರ ಕಪ್ಪು ಕವರ್ ಬೇಕು.

ಹೆರಿಗೆವಾರ್ಡ್

ಮಾತ್ರೆಡಬ್ಬಿಯವರಿಗೆ ಥ್ಯಾಂಕ್ಸ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಿನವೂ ನನ್ನ ಮುಂದೆ ಕೂರುವವರ ಗೊಂದಲ ಇದೇ.

ನಾರೆಥಿಸ್ಟೆರೋನ್ 5 ಎಂಜಿಯನ್ನು ಮುಟ್ಟಿನ ದಿನಕ್ಕೆ ಮೂರು ದಿನ ಮೊದಲು ಶುರು ಮಾಡಿ, ಸಾಮಾನ್ಯವಾಗಿ ದಿನಕ್ಕೆ ಮೂರು ಸಲ ತಗೊಳ್ಳೋದು. ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ. ತಡವಾಗಿ ಶುರು ಮಾಡಿದರೆ ಕೈಕೊಡಬಹುದು. ಹೀಗೆ ತಗೊಂಡಾಗ ಇದು ಗರ್ಭನಿರೋಧಕ ಅಲ್ಲವೇ ಅಲ್ಲ. ಮಾತ್ರೆ ತಗೊಳ್ಳುತ್ತಿದ್ದೀನಲ್ಲ ಅಂತ ನಂಬಿ ಬಸಿರಾದವರನ್ನು ನೋಡಿದ್ದೇನೆ. ನಿಲ್ಲಿಸಿ ವಾರವಾದರೂ ಬರದಿದ್ದರೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ.

ಇದರಲ್ಲಿ ಈಸ್ಟ್ರೋಜನ್ ಇಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟೋ ಅಪಾಯ ಇಲ್ಲ ಅನ್ನೋ ಮಾತೂ ಪೂರ್ತಿ ನಿಜ ಅಲ್ಲ. ಈ ಡೋಸಿನಲ್ಲಿ ಅದರ ಸ್ವಲ್ಪ ಭಾಗ ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಅನ್ನೋ ಈಸ್ಟ್ರೋಜನ್ ಆಗುತ್ತದೆ. ಪಿಲ್‌ನಲ್ಲಿ ಇರುವುದೂ ಅದೇ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಹಿಸ್ಟರಿ ಇದ್ದವರು ಇದನ್ನು ಅತ್ತೆ ಕೊಟ್ಟರೂ ನುಂಗಬಾರದು, ಸ್ವಾಮಿಗಳು ಕೊಟ್ಟರೂ ನುಂಗಬಾರದು.

ಹೆಪ್ಪುಗಟ್ಟೋದರ ಲೆಕ್ಕ ಹೇಳಿಬಿಡುತ್ತೇನೆ. ಯುರೋಪಿನ ಔಷಧ ಸಂಸ್ಥೆಯ ಅಂದಾಜು ಇದು. ಪಿಲ್ ತಗೊಳ್ಳದ, ಬಸಿರೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಹೀಗಾಗುತ್ತದೆ. ಲೆವೊನಾರ್ಜೆಸ್ಟ್ರೆಲ್ ಅನ್ನೋ ಪ್ರೊಜೆಸ್ಟಿನ್ ಇರುವ ಪಿಲ್ ತಗೊಂಡವರಲ್ಲಿ 5ರಿಂದ 7. ಡ್ರೊಸ್ಪೈರಿನೋನ್, ಡೆಸೊಜೆಸ್ಟ್ರೆಲ್ ಅನ್ನೋ ಬೇರೆ ಪ್ರೊಜೆಸ್ಟಿನ್ ಇರುವುದರಲ್ಲಿ 9ರಿಂದ 12. ಬಸುರಿ, ಬಾಣಂತಿಯರಲ್ಲಿ ಇದಕ್ಕಿಂತಲೂ ಜಾಸ್ತಿ. ಅಂದರೆ ಅಪಾಯ ಚಿಕ್ಕದು, ಸೊನ್ನೆ ಅಲ್ಲ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಮೊಗ್ಗಿನಜಡೆ, ನಿಮಗೆ ಬಿಪಿ ನೋಡಿದರಾ? ತಲೆನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕು ಕಾಣುವ ಮೈಗ್ರೇನ್ ಇದೆಯಾ? ಸಿಗರೇಟ್? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹೆಪ್ಪುಗಟ್ಟಿತ್ತಾ? ಇವನ್ನು ಕೇಳದೆ ಪಿಲ್ ಬರೆಯಬಾರದು.

ಮೊಗ್ಗಿನಜಡೆ

ಏನೂ ಕೇಳಲಿಲ್ಲ. ಬಿಪಿಯೂ ನೋಡಲಿಲ್ಲ. ನಾಳೆ ಇನ್ನೊಬ್ಬರ ಹತ್ತಿರ ಹೋಗುತ್ತೇನೆ.

ಹಾವೇರಿಅಕ್ಕ (ಹಾನಗಲ್)

ನಾನು ಆಶಾ ಕಾರ್ಯಕರ್ತೆ. ನೀವೆಲ್ಲ ಓದಿದವರು, ಸೀಸನೇಲ್ ಲಿಬ್ರೆಲ್ ಅಂತ ಬರೆಯುತ್ತಿದ್ದೀರಿ. ನಮ್ಮ ಚೀಲದಲ್ಲಿ ಇರೋದು ಮಾಲಾ-ಎನ್, ಛಾಯಾ, ನಿರೋಧ್. ಮಾಲಾ-ಎನ್‌ನಲ್ಲಿ 28 ಮಾತ್ರೆ. 21 ಹಾರ್ಮೋನಿನವು, ಕೊನೆಯ ಏಳು ಕಬ್ಬಿಣಾಂಶದವು. ಆ ಏಳು ದಿನದಲ್ಲೇ ಮುಟ್ಟಾಗುವುದು. ಆ ಏಳನ್ನು ನುಂಗದೆ ಮಗುವಿನ ಕೈಗೆ ಆಡಲು ಕೊಟ್ಟವರನ್ನೂ ಕಂಡಿದ್ದೇನೆ. ದೇಶದಲ್ಲಿ ನೂರಕ್ಕೆ 57 ಹೆಂಗಸರಿಗೆ ರಕ್ತಹೀನತೆ ಅಂತ 2019-21ರ ಸರ್ವೆ ಹೇಳುತ್ತದೆ. ಅಂಥದ್ದರಲ್ಲಿ ತಿಂಗಳು ತಿಂಗಳು ಎಂಟು ದಿನ ಹೋಗುವವರಿಗೆ ಸ್ವಲ್ಪ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ?

ಛಾಯಾ ಬೇರೆ ಥರ. ಲಕ್ನೋದ ಸರ್ಕಾರಿ ಲ್ಯಾಬಿನಲ್ಲಿ ಕಂಡುಹಿಡಿದದ್ದು. ಮೊದಲು ಸಹೇಲಿ ಅಂತ 1991ರಲ್ಲಿ ಬಂತು. ಹಾರ್ಮೋನ್ ಅಲ್ಲ. ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಕೆಲವರಿಗೆ ಮುಟ್ಟು ತಡವಾಗುತ್ತದೆ, ಕಡಿಮೆ ಹೋಗುತ್ತದೆ. ಅಂತರಾ ಅಂತ ಗರ್ಭನಿರೋಧಕ ಇಂಜೆಕ್ಷನ್ ಮೂರು ತಿಂಗಳಿಗೊಂದು. ಅದರಲ್ಲಿ ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಜನರಿಗೆ ಮುಟ್ಟು ನಿಂತೇಹೋಗುತ್ತದೆ. ಬಿಟ್ಟ ಮೇಲೆ ಮಕ್ಕಳಾಗಲು ಮಾತ್ರ ಸ್ವಲ್ಪ ತಡವಾಗುತ್ತದೆ, ಅದನ್ನು ಮೊದಲೇ ಹೇಳಬೇಕು.

ನಮ್ಮಲ್ಲಿ ತೊಂದರೆ ಬರುವುದು ಔಷಧಿಯಿಂದಲ್ಲ. ಹೊರಗೆ ಕೂರುವ ಮನೆಗಳಲ್ಲಿ ಸೊಸೆ ಮೂರು ತಿಂಗಳು ಕೂರಲಿಲ್ಲ ಅಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅತ್ತೆ ಮೊದಲು ಖುಷಿಪಡುತ್ತಾಳೆ, ಬಸಿರು ಅಂತ. ಅಲ್ಲ ಅಂತ ಗೊತ್ತಾದ ಮೇಲೆ ಜಗಳ. ಗಂಡನಿಗೆ ಹೇಳದೆ ಇಂಜೆಕ್ಷನ್ ಹಾಕಿಸಿಕೊಂಡ ಒಬ್ಬ ಹುಡುಗಿ, ಮುಟ್ಟಾಗದಿದ್ದರೂ ಮೂರು ದಿನ ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕೂತು ಬಂದಳು. ಬಟ್ಟೆ ಒಗೆದು ಹಗ್ಗಕ್ಕೂ ಹಾಕಿದಳು. ನಾನು ಹೋದಾಗ ನನ್ನ ಮುಖ ನೋಡಿ ನಕ್ಕಳು. ನಾನೂ ನಕ್ಕೆ. ಏನು ಮಾಡುವುದು?

ತುಂಗೆಮಗಳು

ಅಕ್ಕಾ, ಇದನ್ನು ಓದಿ ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಜೋಳದರೊಟ್ಟಿ (ಕಲಬುರಗಿ)

ನಮ್ಮ ಕಡೆ ಇದರ ಇನ್ನೊಂದು ತುದಿ ನೋಡಿ. ಜಾಸ್ತಿ ಹೋಗುತ್ತದೆ, ಹೊಟ್ಟೆ ನೋವು ಅಂತ ಹೋದ ಹೆಂಗಸರಿಗೆ ಗರ್ಭಚೀಲವನ್ನೇ ತೆಗೆದು ಕಳಿಸಿದರು. ಲಂಬಾಣಿ ತಾಂಡಾಗಳ ಹೆಂಗಸರು, ದಲಿತ ಹೆಂಗಸರು, ಎಷ್ಟೋ ಜನ 35 ದಾಟದವರು. 2015ರ ಹೊತ್ತಿಗೆ ತನಿಖೆ, ಧರಣಿ ಎಲ್ಲ ಆಯಿತು. 2019ರಲ್ಲಿ ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಸುದ್ದಿ ಬಂತು. ಕಬ್ಬು ಕಡಿಯಲು ಹೋಗುವವರು ಮುಟ್ಟಿನ ದಿನ ಕೂಲಿ ತಪ್ಪಿದರೆ ದಂಡ ಅಂತ ಚೀಲ ತೆಗೆಸಿಕೊಂಡೇ ಹೋಗುತ್ತಿದ್ದರು.

ಅವರಲ್ಲಿ ಒಬ್ಬರಿಗಾದರೂ ಒಂದು ಸ್ಟ್ರಿಪ್ ಮಾತ್ರೆಯಿಂದಲೋ, ಒಂದು ಇಂಜೆಕ್ಷನ್‌ನಿಂದಲೋ ರಕ್ತ ಕಡಿಮೆ ಮಾಡಬಹುದು ಅಂತ ಯಾರಾದರೂ ಹೇಳಿದ್ದರಾ? ಕೆಟ್ಟ ರಕ್ತ, ಪ್ರಕೃತಿ ಅನ್ನುವವರು ಆಪರೇಷನ್ ಟೇಬಲ್ ಹತ್ತಿರ ಯಾಕೆ ಕಾಣಲ್ಲ?

ಹೆರಿಗೆವಾರ್ಡ್

ಸರಿಯಾಗಿ ಕೇಳಿದಿರಿ. ಜಾಸ್ತಿ ರಕ್ತ ಹೋಗುವವರಿಗೆ ಆಪರೇಷನ್ ಅನ್ನೋದು ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ಪಿಲ್ ಇದೆ, ಲೆವೊನಾರ್ಜೆಸ್ಟ್ರೆಲ್ ಇರುವ ಹಾರ್ಮೋನ್ ಕಾಯಿಲ್ ಇದೆ. ಮಿರೆನಾ ಅಂತ ಕೇಳಿರಬಹುದು. ಕಾಪರ್-ಟಿ ಥರವೇ ಒಳಗೆ ಹಾಕೋದು. ಕಾಪರ್-ಟಿಯಲ್ಲಿ ರಕ್ತ ಜಾಸ್ತಿ ಆಗುತ್ತದೆ, ಇದರಲ್ಲಿ ಕಡಿಮೆ ಆಗುತ್ತದೆ. ವರ್ಷದ ಕೊನೆಗೆ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟು ನಿಂತಿರುತ್ತದೆ. ಬೆಲೆ ಜಾಸ್ತಿ ಅನ್ನೋದು ನಿಜ. ಮೊದಲು ರಕ್ತ ಯಾಕೆ ಜಾಸ್ತಿ ಅಂತ ಸ್ಕ್ಯಾನ್ ಮಾಡಿ ನೋಡಬೇಕು. 40 ದಾಟಿದವರಲ್ಲಂತೂ ಕಾರಣ ಹುಡುಕದೆ ಮಾತ್ರೆ ಕೊಟ್ಟು ಮುಚ್ಚಿಹಾಕೋದು ತಪ್ಪು.

ಕಾಫಿಸೀಮೆ

ಆಪರೇಷನ್ ಮಾಡಿ ಅಂತ ನಾನು ಹೇಳಿಲ್ಲವಲ್ಲ! ನನ್ನ ಅನುಮಾನ ಬೇರೆ. 2025ರಲ್ಲಿ ನಮ್ಮ ಸರ್ಕಾರ ಮುಟ್ಟಿಗೆ ತಿಂಗಳಿಗೊಂದು, ವರ್ಷಕ್ಕೆ 12 ಸಂಬಳದ ರಜೆ ಅಂತ ನೀತಿ ತಂದಿತು. ನಾಳೆ ಕಂಪನಿಯವರು "ಮಾತ್ರೆ ಇದೆಯಲ್ಲಮ್ಮ, ರಜೆ ಯಾಕೆ" ಅಂದರೆ? ಗಾರ್ಮೆಂಟ್ಸ್ ಹುಡುಗಿಗೆ ಸೂಪರ್‌ವೈಸರೇ ಸ್ಟ್ರಿಪ್ ಕೊಟ್ಟರೆ? ಕಬ್ಬಿನ ಗದ್ದೆಯಲ್ಲಿ ಚೀಲ ತೆಗೆಸಿದವರು ಮಾತ್ರೆ ನುಂಗಿಸಲ್ಲ ಅಂತ ಏನು ಗ್ಯಾರಂಟಿ?

ಜೋಳದರೊಟ್ಟಿ

ಇದನ್ನು ಮಾತ್ರ ಒಪ್ಪುತ್ತೇನೆ. ಅತ್ತೆ ಕೊಟ್ಟ ಪೂಜೆ ಮಾತ್ರೆಗೂ ಸೂಪರ್‌ವೈಸರ್ ಕೊಡೋ ಮಾತ್ರೆಗೂ ಏನು ವ್ಯತ್ಯಾಸ? ನುಂಗುವವಳನ್ನು ಎರಡೂ ಕಡೆ ಯಾರೂ ಕೇಳಲ್ಲ.

ಕೋಡಿಹಬ್ಬ

ಅತ್ತೆಯನ್ನು ಯಾಕೆ ಎಳೆಯುತ್ತೀರಿ ಮಾರಾಯ್ರೆ. ನಾಗಮಂಡಲಕ್ಕೆ ತಗೊಂಡದ್ದು ನನಗೂ ಬೇಕಿತ್ತು. ಮನೆ ತುಂಬ ಜನ, ನಾನೊಬ್ಬಳೇ ಮೂಲೆಯಲ್ಲಿ ಕೂರೋದು ಯಾರಿಗೆ ಬೇಕು? ಮೂರನೇ ಸಲಕ್ಕೆ ತಲೆ ತಿರುಗಿ ವಾಂತಿ ಬಂದಾಗ ಮಾತ್ರ ಸಾಕು ಅನ್ನಿಸಿತು. ಇನ್ನು ಮೇಲೆ ಡಾಕ್ಟರನ್ನು ಕೇಳದೆ ತಗೊಳ್ಳಲ್ಲ.

ನಿವೃತ್ತಟೀಚರ್ (ಮೈಸೂರು)

ಎಪ್ಪತ್ತು ದಾಟಿದವಳು ನಾನು, ಈ ಹುಡುಗಿಯರ ಮಾತು ಓದಿ ಸಂತೋಷವಾಯಿತು. ಒಂದು ಮಾತು. ಸಂತಾನ ನಿಯಂತ್ರಣದ ಕ್ಲಿನಿಕ್ಕನ್ನು ಸರ್ಕಾರವೇ ತೆರೆದದ್ದು ನಮ್ಮ ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಪಿಲ್ ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲು! ಅಂಥ ಊರಿನಲ್ಲಿ ಇವತ್ತಿಗೂ ಕಪ್ಪು ಕವರ್ ಅಂದರೆ ಏನು ಹೇಳಲಿ. ಮೊಗ್ಗಿನಜಡೆ, ನಿಮ್ಮ ತಾಯಿಯವರಿಗೆ ಹೊಟ್ಟೆನೋವಿನ ಮಾತ್ರೆ ಅನ್ನಿ ಸಾಕು. ಸುಳ್ಳೂ ಅಲ್ಲ.

ಮೊಗ್ಗಿನಜಡೆ

ಹೊಸ ಡಾಕ್ಟರ್ ಬಿಪಿ ನೋಡಿದರು, ಮೈಗ್ರೇನ್ ಕೇಳಿದರು, ಅಮ್ಮನ ಕಡೆ ಅಪ್ಪನ ಕಡೆ ಎಲ್ಲ ಕೇಳಿದರು. ಶುರು ಮಾಡಿದ್ದೇನೆ. ಲೆವೊನಾರ್ಜೆಸ್ಟ್ರೆಲ್ ಇರುವುದೇ. ರಾತ್ರಿ ಊಟ ಆದ ಮೇಲೆ ತಗೊಂಡರೆ ವಾಕರಿಕೆ ಕಡಿಮೆ.

ಕಾಫಿಸೀಮೆ ಅವರೇ, ನೀವು ಹೇಳಿದ ಕಂಪನಿ ವಿಷಯ ನಿಜ ಇರಬಹುದು. ಆದರೆ ನನಗೆ ಇದು ರಜೆಯ ಪ್ರಶ್ನೆ ಅಲ್ಲ. ರಜೆ ಕೊಟ್ಟರೂ ಆ ದಿನ ನಾನು ಬಾತ್‌ರೂಮ್ ನೆಲದ ಮೇಲೇ ಇರುತ್ತೇನೆ. ಎಳ್ಳು-ಬೆಲ್ಲ ಎಷ್ಟೋ ವರ್ಷ ತಿಂದಿದ್ದೇನೆ.

ಡಾಕ್ಟ್ರೇ, ನಡುವೆ ರಕ್ತ ಕಂಡರೆ ಏನು ಮಾಡಲಿ ಅಂತ ಕೇಳಲು ಮರೆತೆ.

ಹೆರಿಗೆವಾರ್ಡ್

ಒಂದೆರಡು ಹನಿ ಕಂಡರೆ ಮುಂದುವರಿಸಿ. ಮಾತ್ರೆ ಮರೆತಿದ್ದೀರಾ, ಬೇರೆ ಏನಾದರೂ ಔಷಧಿ ಶುರು ಮಾಡಿದ್ದೀರಾ ನೋಡಿ. ಕನಿಷ್ಠ 21 ಮಾತ್ರೆ ಸತತವಾಗಿ ಆದ ಮೇಲೆ ಮೂರು ನಾಲ್ಕು ದಿನ ನಿಲ್ಲದೆ ಹೋಗುತ್ತಿದ್ದರೆ, ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡೋದು ಒಂದು ಕ್ರಮ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಹಾಗೆ ಮಾಡಿ. ಆದರೆ ಬಿಡುವು ಏಳು ದಿನ ದಾಟಲೇಬಾರದು.

ಹೊಸಬಳು22 (ಬಳ್ಳಾರಿ)

ಲೇಟಾಗಿ ಕೇಳುತ್ತಿದ್ದೇನೆ. ನಾನೂ ಪಿಲ್ ತಗೊಳ್ಳುತ್ತಿದ್ದೇನೆ, ಮುಟ್ಟು ನಿಂತಿದೆ. ಹೋದ ವಾರ ಟಿಬಿ ಅಂತ ಗೊತ್ತಾಗಿ ಮಾತ್ರೆ ಶುರು ಮಾಡಿದರು. ಎರಡನ್ನೂ ಒಟ್ಟಿಗೆ ತಗೊಳ್ಳಬಹುದಾ? ಅಲ್ಲಿ ಕೇಳಲು ನಾಚಿಕೆ ಆಯಿತು.

ಹೆರಿಗೆವಾರ್ಡ್

ಕೇಳಿದ್ದು ಒಳ್ಳೆಯದಾಯಿತು. ಟಿಬಿ ಮಾತ್ರೆಯಲ್ಲಿ ರಿಫಾಂಪಿಸಿನ್ ಇರುತ್ತದೆ. ಅದು ಪಿಲ್‌ನ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ, ಗರ್ಭ ನಿಲ್ಲುವ ಸಾಧ್ಯತೆ ಇದೆ. ನಿಮಗೆ ಮುಟ್ಟು ನಿಂತಿರೋದರಿಂದ ಗೊತ್ತೂ ಆಗಲ್ಲ. ಟಿಬಿ ಮಾತ್ರೆ ಒಂದು ದಿನವೂ ಬಿಡಬೇಡಿ. ಚಿಕಿತ್ಸೆ ಮುಗಿದು ಇನ್ನೂ ನಾಲ್ಕು ವಾರ ಆಗುವವರೆಗೆ ಪಿಲ್ ಒಂದನ್ನೇ ನಂಬಬೇಡಿ. ಕಾಪರ್-ಟಿ ಹಾಕಿಸಿಕೊಳ್ಳಬಹುದು. ಅಂತರಾ ಇಂಜೆಕ್ಷನ್‌ಗೆ ರಿಫಾಂಪಿಸಿನ್ ಅಡ್ಡಿ ಮಾಡಲ್ಲ. ಅಲ್ಲಿಯವರೆಗೆ ಕಾಂಡೋಮ್. ಫಿಟ್ಸ್‌ಗೆ ಕಾರ್ಬಮಜೆಪಿನ್, ಫಿನಿಟಾಯಿನ್ ತಗೊಳ್ಳುವವರಿಗೂ ಇದೇ ಮಾತು. ನಾಳೆಯೇ ಹೋಗಿ ಪಿಲ್ ತಗೊಳ್ಳುತ್ತಿದ್ದೀನಿ ಅಂತ ಟಿಬಿ ಡಾಕ್ಟರಿಗೆ ಹೇಳಿ. ಬಾಯಲ್ಲಿ ಹೇಳಲು ಆಗದಿದ್ದರೆ ಸ್ಟ್ರಿಪ್ ತೋರಿಸಿ.

ಹಾವೇರಿಅಕ್ಕ

ತಂಗಿ, ನಿಮ್ಮ ವಾರ್ಡಿನ ಆಶಾ ಯಾರು ಅಂತ ಅಂಗನವಾಡಿಯಲ್ಲಿ ಕೇಳಿ. ಕಾಂಡೋಮ್ ಅವರ ಹತ್ತಿರ ಸಿಗುತ್ತದೆ.